ಗಾಲಿಯ ಮೇಲೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು, ಮನೆಯೆಂದರೆ ನಿಂತಲ್ಲೇ ನಿಲ್ಲುವ ವಸ್ತುವೆಂದು ನಂಬಿದ್ದರು. ತಳಪಾಯ, ಗೋಡೆ, ತೊಲೆ, ಜಂತೆ, ಇವುಗಳಲ್ಲಿ ಯಾವುದಕ್ಕೂ ಚಲನೆಯಿಲ್ಲ. ಚಲನೆಯಿರುವುದು ಮನೆಯ ಮೇಲಿನ ಸಾಲಕ್ಕೆ ಮಾತ್ರ, ಅದೂ ಏರುಮುಖವಾಗಿ. ಆದರೆ ಮನೆಯೇ ಗಾಲಿಗಳನ್ನು ಕಟ್ಟಿಕೊಂಡು ಹೊರಟರೆ ಅದನ್ನು ಸ್ಥಾವರವೆನ್ನೋಣವೆ, ಜಂಗಮವೆನ್ನೋಣವೆ? ಅಂಥದೊಂದು ಮನೆಯನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ 2025ರ ಬೇಸಗೆಯಲ್ಲಿ ನಮ್ಮ ಕುಟುಂಬದಲ್ಲಿಯೇ ಎದ್ದಿತು. ಪ್ರಶ್ನೆ ಎದ್ದುದು ಅಮೆರಿಕೆಯ ಒಹಾಯೋ ರಾಜ್ಯದಲ್ಲಿ. ಅದರ ಬೇರು ಮಾತ್ರ ಹಾಸನದ ನಮ್ಮ ತಂದೆಯ ಮನೆಯ ಅಟ್ಟದಲ್ಲಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಅಕ್ಕ ಮದುವೆಯಾಗಿ ಆ ದೇಶಕ್ಕೆ ಹೋದುದು 1993ರಲ್ಲಿ. ಭಾವನವರು ಕಾರುಗಳ ಬಿಡಿಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಈಗ ಅವರಿಗೆ ಅರುವತ್ತೊಂದು, ಅಕ್ಕನಿಗೆ ಐವತ್ತಾರು. ಮಕ್ಕಳಿಬ್ಬರೂ ರೆಕ್ಕೆ ಬಲಿತು ಹಾರಿಹೋಗಿದ್ದಾರೆ. ಕಾಲೇಜಿನ ರಜೆಯಲ್ಲಿ ಮೊದಲ ಬಾರಿಗೆ ಅವರ ಮನೆಗೆ ಹೋದ ನಾನು, ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಪಕ್ಕದಲ್ಲಿ ಬಣ್ಣಬಣ್ಣದ ವಾಹನಚಿತ್ರಗಳ ಪತ್ರಿಕೆಗಳನ್ನು ಕಂಡೆ. ‘ಮೇಷ್ಟ್ರೇ, ಒಳ್ಳೆಯ ಸಮಯಕ್ಕೆ ಬಂದಿರಿ. ನಿಮ್ಮಕ್ಕನಿಗೆ ಈ ವಯಸ್ಸಿನಲ್ಲಿ ಬಸ್ಸಿನಲ್ಲಿ ಸಂಸಾರ ಹೂಡುವ ಆಸೆ ಬಂದಿದೆ. ಸ್ವಲ್ಪ ಬುದ್ಧಿ ಹೇಳಿ’ ಎಂದರು ಭಾವನವರು. ಅಕ್ಕ ನಕ್ಕಳು, ಆದರೆ ಪತ್ರಿಕೆಗಳನ್ನು ಎತ್ತಿಡಲಿಲ್ಲ.

ಆ ದೇಶದವರು ಇದನ್ನು ಮೋಟಾರ್‌ಹೋಮ್ ಎನ್ನುತ್ತಾರೆ. ಬಸ್ಸಿನಷ್ಟು ದೊಡ್ಡದೂ ಉಂಟು, ನಮ್ಮ ಕಡೆಯ ವ್ಯಾನಿಗಿಂತ ತುಸುವೇ ದೊಡ್ಡದೂ ಉಂಟು. ಒಳಗೆ ಒಲೆ, ತಣ್ಣನೆಯ ಪೆಟ್ಟಿಗೆ, ಸ್ನಾನದ ಮೂಲೆ, ಶೌಚಗೃಹ, ಹಾಸಿಗೆ ಎಲ್ಲವೂ ಅಡಕವಾಗಿರುತ್ತವೆ. ಹಗಲು ಊಟದ ಮೇಜಾಗಿದ್ದುದು ರಾತ್ರಿ ಮಂಚವಾಗುತ್ತದೆ. ಇದು ಹೊಸ ಕಲ್ಪನೆಯೂ ಅಲ್ಲ. 1910ರಲ್ಲಿಯೇ ಪಿಯರ್ಸ್ ಆರೋ ಎಂಬ ಕಂಪೆನಿ, ಹಿಂದಿನ ಆಸನವನ್ನು ಹಾಸಿಗೆಯಾಗಿ ಬಿಡಿಸಬಹುದಾದ, ಮಡಿಸುವ ಕೈತೊಳೆಯುವ ಬೋಗುಣಿಯಿದ್ದ ಕಾರೊಂದನ್ನು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇರಿಸಿತ್ತು. ಅದು ಸಿರಿವಂತರ ಆಟಿಕೆ. ಜನಸಾಮಾನ್ಯರು 1919ರಲ್ಲಿ ಫ್ಲಾರಿಡದ ಟ್ಯಾಂಪ ನಗರದಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಡಬ್ಬಿಯ ಆಹಾರ ತಿನ್ನುತ್ತ ಕಾರಿನ ಪಕ್ಕದಲ್ಲೇ ಬಿಡಾರ ಹೂಡುತ್ತಿದ್ದ ಆ ಸಂಚಾರಿಗಳಿಗೆ ‘ತಗಡಿನ ಡಬ್ಬಿಯ ಪ್ರವಾಸಿಗರು’ ಎಂದೇ ಹೆಸರು ಬಿದ್ದಿತು.

ಈ ಗಾಲಿಮನೆಯ ಚರಿತ್ರೆಯನ್ನು ನೋಡಿದರೆ ಅದು ಆ ದೇಶದ ಅರ್ಥಸ್ಥಿತಿಯ ನಾಡಿಯೆಂದೇ ಹೇಳಬೇಕು. 1929ರ ಷೇರುಪೇಟೆಯ ಕುಸಿತದ ಬಗ್ಗೆ ಮೊದಲೇ ಎಚ್ಚರಿಸಿ ಕೀರ್ತಿವಂತನಾದವನು ರೋಜರ್ ಬಾಬ್ಸನ್. ಮುಂದಿನ ದಶಕದಲ್ಲಿ ಆತ ಇನ್ನೊಂದು ಭವಿಷ್ಯ ನುಡಿದ: ಇಪ್ಪತ್ತು ವರ್ಷಗಳಲ್ಲಿ ಅಮೆರಿಕೆಯ ಅರ್ಧದಷ್ಟು ಜನ ಗಾಲಿಯ ಮನೆಗಳಲ್ಲಿಯೇ ವಾಸಿಸುವರು ಎಂದು. ಮೊದಲನೆಯದು ನಿಜವಾಯಿತು, ಎರಡನೆಯದು ಸುಳ್ಳಾಯಿತು. ನಾಳಿನ ಹಣದ ಬಗ್ಗೆ ಮಾತನಾಡುವವರೆಲ್ಲರ ಪಾಡೂ ಇಷ್ಟೆ. 1973ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಬಹು ಉತ್ಸಾಹದಿಂದ ಸುಂದರವಾದ ಮೋಟಾರುಮನೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆ ಸಾಗಣೆಯನ್ನು ನಿಲ್ಲಿಸಿದವು. ಪೆಟ್ರೋಲಿಗಾಗಿ ಮೈಲುದ್ದದ ಸಾಲುಗಳು ನಿಂತವು. ಗ್ಯಾಲನ್ನಿಗೆ ಎಂಟು ಹತ್ತು ಮೈಲಿ ಓಡುವ ಈ ಐರಾವತಕ್ಕೆ ಮೇವು ಹಾಕುವವರು ಯಾರು? 1978ರಲ್ಲಿ ಕಂಪೆನಿ ಅದರ ತಯಾರಿಕೆಯನ್ನೇ ಕೈಬಿಟ್ಟಿತು.

ಒಹಾಯೋದಿಂದ ಪಶ್ಚಿಮಕ್ಕೆ ಕೆಲವು ಗಂಟೆಗಳ ಹಾದಿಯಲ್ಲಿ, ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿದೆ. ಅಮೆರಿಕೆಯ ಗಾಲಿಮನೆಗಳಲ್ಲಿ ಬಹುಪಾಲು ತಯಾರಾಗುವುದು ಅದರ ಸುತ್ತಮುತ್ತಲೇ. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಅಕ್ಕ ನಮ್ಮನ್ನು ಕರೆದೊಯ್ದಳು. ಚಿತ್ರತಾರೆ ಮೇ ವೆಸ್ಟ್ ಬಳಸುತ್ತಿದ್ದ 1931ರ ಮನೆಗಾರು ಅಲ್ಲಿ ಪುಟ್ಟ ರಥದಂತೆ ನಿಂತಿದೆ. ಅಕ್ಕ ಅದರ ಕಿಟಕಿಯ ಪರದೆಗಳನ್ನು ನೋಡುತ್ತಿದ್ದಾಗ ಭಾವನವರು ನನ್ನನ್ನು ಪಕ್ಕಕ್ಕೆ ಕರೆದು, ‘ಊರನ್ನು ನೋಡಿ ಮೇಷ್ಟ್ರೇ, ಗಾಡಿಯನ್ನಲ್ಲ’ ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ದೇಶದಲ್ಲಿ 2006ರಲ್ಲಿ ಸುಮಾರು 3 ಲಕ್ಷ 90 ಸಾವಿರ ಗಾಲಿಮನೆಗಳು ಕಾರ್ಖಾನೆಗಳಿಂದ ಹೊರಟಿದ್ದವು. 2009ರಲ್ಲಿ ಹೊರಟವು ಸುಮಾರು 1 ಲಕ್ಷ 65 ಸಾವಿರ. ಆ ವರ್ಷ ಈ ಊರಿನ ದುಡಿಯುವ ಜನರಲ್ಲಿ ಹತ್ತಿರಹತ್ತಿರ ಐವರಿಗೊಬ್ಬರು ಕೆಲಸವಿಲ್ಲದೆ ಕುಳಿತರು. ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ಅಧ್ಯಕ್ಷ ಒಬಾಮ ಆ ಫೆಬ್ರವರಿಯಲ್ಲಿ ತಮ್ಮ ಆರ್ಥಿಕ ಯೋಜನೆಯನ್ನು ಜನರ ಮುಂದಿಡಲು ಇಲ್ಲಿಗೇ ಬಂದರು. ಮತ್ತೆ ಸಾಂಕ್ರಾಮಿಕದ ಕಾಲದಲ್ಲಿ, ಹೋಟೆಲಿಗೂ ವಿಮಾನಕ್ಕೂ ಅಂಜಿದ ಜನ ಗಾಲಿಮನೆಗಳಿಗೆ ಮುಗಿಬಿದ್ದರು: 2021ರಲ್ಲಿ 6 ಲಕ್ಷ ತಯಾರಾದವು. 2022ರ ಮಾರ್ಚಿನಿಂದ ಬ್ಯಾಂಕಿನ ಬಡ್ಡಿ ಏರತೊಡಗಿತು. 2023ರಲ್ಲಿ ಸಂಖ್ಯೆ 3 ಲಕ್ಷ 13 ಸಾವಿರಕ್ಕೆ ಇಳಿಯಿತು. ಜನರು ಅನ್ನವನ್ನು ಬಿಡಲಾರರು, ಔಷಧವನ್ನು ಬಿಡಲಾರರು. ಕಾಲ ಕೆಟ್ಟಿತೆಂಬ ಸಂಶಯ ಬಂದೊಡನೆ ಮೊದಲು ಬಿಡುವುದು ಇಂಥ ಕನಸನ್ನೇ.

ಭಾವನವರಿಗೆ ಸಂಶಯ ಬರಲು ಕಾರಣಗಳಿದ್ದವು. 2025ರ ಏಪ್ರಿಲ್ ಮೊದಲ ವಾರದಲ್ಲಿ ಆಮದು ಸುಂಕಗಳ ಘೋಷಣೆಯಾದ ಮೇಲೆ ಷೇರುಪೇಟೆ ಎರಡೇ ದಿನಗಳಲ್ಲಿ ನೂರಕ್ಕೆ ಹತ್ತರಷ್ಟು ಕುಸಿದಿತ್ತು. ಆ ದೇಶದಲ್ಲಿ ನೌಕರರ ವೃದ್ಧಾಪ್ಯದ ಉಳಿತಾಯವೆಲ್ಲ ಬಹುಮಟ್ಟಿಗೆ ಆ ಪೇಟೆಯಲ್ಲಿಯೇ ಇರುತ್ತದೆ. ಪೇಟೆ ಜೂನಿನೊಳಗೆ ಚೇತರಿಸಿಕೊಂಡಿತು, ನಿಜ. ಆದರೆ ಬಿದ್ದು ಎದ್ದವನಿಗೆ ನೆಲದ ಮೇಲೆ ಮೊದಲಿನ ನಂಬಿಕೆ ಇರುವುದಿಲ್ಲ. ಹೊರದೇಶದ ಕಾರುಗಳ ಬಿಡಿಭಾಗಗಳಿಗೂ ನೂರಕ್ಕೆ 25ರ ಸುಂಕ ಬಿದ್ದಿತು. ಅವರ ಕಾರ್ಖಾನೆಯಲ್ಲಿ ಎರಡು ವಿಭಾಗಗಳ ಜನರನ್ನು ಆಗಲೇ ಮನೆಗೆ ಕಳಿಸಿದ್ದರು. ಸರಕಾರದ ವೈದ್ಯಕೀಯ ವಿಮೆ ದೊರೆಯಲು ಅರುವತ್ತೈದು ತುಂಬಬೇಕು. ಅಲ್ಲಿಯವರೆಗಿನ ನಾಲ್ಕು ವರ್ಷ ನೌಕರಿಯೇ ಅವರಿಗೆ ವಿಮೆ, ನೌಕರಿಯೇ ಔಷಧ. ‘ಮಳೆ ಬರುವ ಹಾಗಿದೆ. ಈಗ ಯಾರಾದರೂ ಮನೆಯ ಹೆಂಚು ತೆಗೆಯುತ್ತಾರೆಯೇ?’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ, ಕೊಳ್ಳುವ ಮಾತು ಆಮೇಲೆ, ಮೊದಲು ಬಾಡಿಗೆಗೆ ತಂದು ನೋಡೋಣವೆಂದು ತೀರ್ಮಾನವಾಯಿತು. ಆರು ರಾತ್ರಿಗಳ ಪ್ರವಾಸ. ಮಿಚಿಗನ್ ರಾಜ್ಯವನ್ನು ದಕ್ಷಿಣೋತ್ತರವಾಗಿ ದಾಟಿ, 1957ರಲ್ಲಿ ಸಂಚಾರಕ್ಕೆ ತೆರೆದ ಐದು ಮೈಲಿ ಉದ್ದದ ಮ್ಯಾಕಿನಾ ತೂಗುಸೇತುವೆಯನ್ನು ಹಾದು, ಸುಪೀರಿಯರ್ ಸರೋವರದ ತಡಿಗೆ ಹೋದೆವು. ಸೇತುವೆಯ ಮೇಲೆ ಗಾಳಿ ನಮ್ಮ ಮನೆಯ ಗೋಡೆಯನ್ನು ತಳ್ಳುತ್ತಿದ್ದಾಗ ಭಾವನವರ ಬೆರಳುಗಳು ಚಕ್ರದ ಮೇಲೆ ಬಿಳುಪೇರಿದ್ದವು. ಕಪಾಟಿನಲ್ಲಿ ಪಾತ್ರೆಗಳು ತಾಳ ಹಾಕುತ್ತಿದ್ದವು. ಬೆಳಗಿನ ಹೊತ್ತು ಕೊಳಕು ನೀರಿನ ತೊಟ್ಟಿಯನ್ನು ನಿಗದಿಯಾದ ಜಾಗದಲ್ಲಿ ಬರಿದು ಮಾಡುವ ಪವಿತ್ರ ಕಾರ್ಯ ಭಾವನವರ ಪಾಲಿಗೆ ಬಂದಿತ್ತು. ಅದನ್ನು ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಆದರೆ ಸಂಜೆ, ಸಮುದ್ರವೇ ಎನಿಸುವ ಆ ಸರೋವರದ ಮುಂದೆ ಬಾಗಿಲು ತೆರೆದಿಟ್ಟು ಅಕ್ಕ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಾಗ, ಪಕ್ಕದ ಬಿಡಾರದ ಮುದುಕ ವಾಸನೆ ಹಿಡಿದು ಬಂದು, ತಟ್ಟೆಯೊಡನೆ ಕುಳಿತು, ಕತ್ತಲಾಗುವವರೆಗೆ ತನ್ನ ಕಥೆ ಹೇಳಿದ. ಒಹಾಯೋದ ಮನೆಯಲ್ಲಿ ಮೂವತ್ತು ವರ್ಷ ಇದ್ದರೂ ಅಕ್ಕನಿಗೆ ಪಕ್ಕದ ಮನೆಯವರ ಕಥೆ ತಿಳಿಯದು.

ನನಗೆ ಅಲ್ಲಿ ಜಾನ್ ಸ್ಟೈನ್‌ಬೆಕ್ಕನ ನೆನಪಾಯಿತು. 1960ರಲ್ಲಿ, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಆರೋಗ್ಯ ಕುಂದಿದ್ದ ಆತ ಟ್ರಕ್ಕೊಂದರ ಮೇಲೆ ಪುಟ್ಟ ಮನೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯನ್ನು ಜೊತೆ ಮಾಡಿಕೊಂಡು ದೇಶ ಸುತ್ತಿದ. ವಾಹನಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಇಟ್ಟ. ಹೋದಲ್ಲೆಲ್ಲ ಜನ ಅದನ್ನು ಆಸೆಗಣ್ಣಿನಿಂದ ನೋಡಿದರೆಂದು, ತಾವೂ ಹೊರಟುಬಿಡಬೇಕೆಂಬ ಹಂಬಲ ಎಲ್ಲರಲ್ಲಿ ಕಂಡಿತೆಂದು ಆತ ಬರೆದ. ಅನೇಕ ರಾತ್ರಿಗಳನ್ನು ಆತ ಹೋಟೆಲುಗಳಲ್ಲಿಯೇ ಕಳೆದನೆಂದು ಮುಂದಿನ ಶೋಧಕರು ತೋರಿಸಿದ್ದಾರೆ. ಅದರಿಂದ ಹಂಬಲ ಸುಳ್ಳಾಗುವುದಿಲ್ಲ. ಆದರೆ ಇದಕ್ಕೊಂದು ಇನ್ನೊಂದು ಮುಖವಿದೆ. 2008ರ ಕುಸಿತದಲ್ಲಿ ಮನೆಮಠ ಕಳೆದುಕೊಂಡು ವ್ಯಾನುಗಳಲ್ಲಿಯೇ ಬಾಳುತ್ತ, ಕೂಲಿ ಸಿಕ್ಕಲ್ಲಿಗೆ ಅಲೆಯುವ ಮುಪ್ಪಿನವರನ್ನು ಕುರಿತು ಜೆಸಿಕ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥವನ್ನು ಬರೆದರು. ನಮ್ಮ ನಾಡಿನಲ್ಲಿಯೂ ಮನೆತನಗಳ ವಂಶಾವಳಿಯನ್ನು ಹೇಳುತ್ತ ಎತ್ತಿನ ಗಾಡಿಯಲ್ಲಿ ಊರೂರು ಸುತ್ತುತ್ತಿದ್ದ ಹೆಳವರಿದ್ದಾರೆ. ಮರಳಲು ಮನೆಯಿದ್ದು ಹೊರಡುವವನ ಗಾಲಿ ಬೇರೆ, ಮರಳಲು ಮನೆಯಿಲ್ಲದವನ ಗಾಲಿ ಬೇರೆ. ಭಾವನವರ ಅಂಜಿಕೆಯ ತಳದಲ್ಲಿದ್ದುದು ಇದೇ: ಮೊದಲನೆಯವನಾಗಿ ಕೊಂಡು ಎರಡನೆಯವನಾಗಿಬಿಟ್ಟರೆ?

ಮರಳಿ ಬಂದ ರಾತ್ರಿ ಅವರು ಕಾಗದ ಪೆನ್ಸಿಲು ಹಿಡಿದು ಕುಳಿತರು. ಮಧ್ಯಮ ಗಾತ್ರದ, ಬಳಸಿದ ಗಾಡಿಗೆ 60,000 ಡಾಲರು. ಐದರಲ್ಲೊಂದು ಪಾಲು ಕೈಯಿಂದ ಕೊಟ್ಟು, ಉಳಿದ 48,000ವನ್ನು ನೂರಕ್ಕೆ ಎಂಟೂವರೆಯಂತೆ ಹತ್ತು ವರ್ಷದ ಸಾಲ ಮಾಡಿದರೆ ತಿಂಗಳಿಗೆ 595 ಡಾಲರು, ವರ್ಷಕ್ಕೆ 7,140. ವಿಮೆ 1,200, ನಿಲ್ಲಿಸುವ ಜಾಗದ ಬಾಡಿಗೆ 1,200, ಟೈರು ರಿಪೇರಿ 1,500. ಒಟ್ಟು 11,040. ಬಾಡಿಗೆಯ ಗಾಡಿಯಾದರೆ ರಾತ್ರಿಗೆ ಸುಮಾರು 200. ಎಂದರೆ, ವರ್ಷಕ್ಕೆ 55 ರಾತ್ರಿಯಾದರೂ ಅದರಲ್ಲಿ ಮಲಗದಿದ್ದರೆ ಸ್ವಂತದ್ದಕ್ಕಿಂತ ಬಾಡಿಗೆಯೇ ಅಗ್ಗ. ಅವರಿಗಿರುವ ರಜೆ ವರ್ಷಕ್ಕೆ ಇಪ್ಪತ್ತು ದಿನ. ಕೊನೆಗೆ ಮಾರಿದರೆ ಅಷ್ಟಿಷ್ಟು ಹಣ ಬರುವುದು ನಿಜ. ಆದರೆ ನಮ್ಮ ಪತ್ರಗಳ ಭಾಷೆಯಲ್ಲಿ ಸ್ಥಿರಾಸ್ತಿ, ಚರಾಸ್ತಿ ಎಂದು ಎರಡು ಬಗೆಯುಂಟಷ್ಟೆ. ಈ ಗಾಡಿಯಲ್ಲಿ ಮಲಗಲು, ಅಡಿಗೆ ಮಾಡಲು, ಶೌಚಕ್ಕೆ ಅನುಕೂಲವಿದ್ದರೆ ಬಡ್ಡಿಯ ಮಟ್ಟಿಗೆ ಅಲ್ಲಿಯ ತೆರಿಗೆಯ ಕಾನೂನು ಅದನ್ನು ಎರಡನೆಯ ಮನೆಯೆಂದೇ ಮನ್ನಿಸುತ್ತದೆ, ಪೇಟೆ ಮಾತ್ರ ಮನ್ನಿಸುವುದಿಲ್ಲ. ಹೆಸರಿನಲ್ಲಿ ಮನೆ, ಬೆಲೆಯಲ್ಲಿ ಮೋಟಾರು: ವರ್ಷ ವರ್ಷಕ್ಕೂ ಇಳಿಯುತ್ತಲೇ ಹೋಗುತ್ತದೆ.

ಲೆಕ್ಕ ನಿರ್ದುಷ್ಟವಾಗಿತ್ತು. ಅಕ್ಕ ಕಾಗದವನ್ನು ಪೂರ್ತಿ ಓದಿ, ‘ಎಲ್ಲ ಸರಿ. ನಮ್ಮ ವಯಸ್ಸನ್ನು ಯಾವ ಸಾಲಿನಲ್ಲಿ ಬರೆದಿದ್ದೀರಿ?’ ಎಂದಳು. ಭಾವನವರು ಸುಮ್ಮನಾದರು. ಅವಳು ನನ್ನ ಕಡೆ ತಿರುಗಿ, ‘ಅಪ್ಪನ ಟ್ರಂಕು ನೆನಪಿದೆಯೇನೋ?’ ಎಂದಳು.

ನೆನಪಿಲ್ಲದೆ ಏನು? ಕಾಶಿ ರಾಮೇಶ್ವರ ಯಾತ್ರೆಗೆಂದು ಅಪ್ಪ ಹಸಿರು ಬಣ್ಣದ ಟ್ರಂಕೊಂದನ್ನು ಕೊಂಡಿದ್ದರು. ಮೊದಲು ಮನೆಯ ಸಾಲ ತೀರಲೆಂದರು. ಅನಂತರ ಅಕ್ಕನ ಮದುವೆ. ಆಮೇಲೆ ನನ್ನ ಓದು. ಆಮೇಲೆ ಅವರ ಮಂಡಿನೋವು. ಟ್ರಂಕು ಅಟ್ಟ ಸೇರಿತು. ಅದರಲ್ಲಿ ಅಮ್ಮ ಚಳಿಗಾಲದ ಕಂಬಳಿಗಳನ್ನು ತುಂಬಿದಳು. ಅಪ್ಪ ಕಾಶಿಯನ್ನು ಕಾಣಲಿಲ್ಲ. ಅವರ ಒಂದೊಂದು ಮುಂದೂಡಿಕೆಯೂ ವಿವೇಕದ್ದೇ ಆಗಿತ್ತು. ಒಂದರಲ್ಲೂ ತಪ್ಪು ಹುಡುಕಲಾಗದು. ವಿವೇಕಗಳ ಮೊತ್ತ ಮಾತ್ರ ಒಂದು ಬೀಗ ಹಾಕಿದ ಪೆಟ್ಟಿಗೆಯಾಗಿ ಉಳಿಯಿತು. ಅಕ್ಕನಿಗೆ ಬೇಕಾಗಿದ್ದುದು ಗಾಡಿಯಲ್ಲವೆಂದು, ಆ ಪೆಟ್ಟಿಗೆಯ ಬೀಗ ತೆರೆಯುವುದೆಂದು ನನಗೆ ಆಗ ಹೊಳೆಯಿತು. ಭಾವನವರಿಗೂ ಹೊಳೆದಿರಬೇಕು. ಅವರು ಎರೇಸರಿನಿಂದ ಕೊನೆಯ ಸಾಲನ್ನು ಅಳಿಸಿ ಬೇರೆ ಲೆಕ್ಕ ಹಾಕತೊಡಗಿದರು.

ಅವರು ಕಂಡುಕೊಂಡ ದಾರಿ ಹೀಗಿದೆ. ಎರಡು ವರ್ಷ ಗಾಡಿ ಕೊಳ್ಳುವುದಿಲ್ಲ; ಆದರೆ ಕೊಂಡಂತೆಯೇ ಬಾಳುವುದು. ಸಾಲದ ಕಂತಿನ 595 ಡಾಲರನ್ನು ಪ್ರತಿ ತಿಂಗಳೂ ಬೇರೆ ಖಾತೆಯಲ್ಲಿ ಇಡುವುದು. ವಿಮೆಗೂ ರಿಪೇರಿಗೂ ಹೋಗಬಹುದಾಗಿದ್ದ ಹಣದಲ್ಲಿ ವರ್ಷಕ್ಕೆ ಇಪ್ಪತ್ತು ರಾತ್ರಿ ಬಾಡಿಗೆಯ ಗಾಡಿಯಲ್ಲಿ ಹೊರಡುವುದು. ಅದಕ್ಕೆ ಬೇಕಾಗುವುದು 4,000. ಎರಡೂ ಸೇರಿದರೆ ಸ್ವಂತ ಗಾಡಿಯ ಖರ್ಚಿಗೆ ಹೆಚ್ಚುಕಡಿಮೆ ಸಮನೇ. ಕಂತು ಭಾರವೆನಿಸಿದರೆ, ಸಾಲವಿಲ್ಲದೆಯೇ ಆ ಪಾಠ ಕಲಿತಂತಾಯಿತು. ನೌಕರಿ ಹೋದರೆ, ಕೂಡಿಟ್ಟ ಹಣ ಕೈಗೆ ಬರುವುದು. ಬ್ಯಾಂಕು ಬಾಗಿಲಿಗೆ ಬಾರದು. ಎರಡೂ ಆಗದಿದ್ದರೆ, 24 ತಿಂಗಳಿಗೆ 14,280 ಡಾಲರು ಕೂಡಿರುತ್ತದೆ. ಆಗ ಸಾಲ ಅಷ್ಟು ಕಿರಿದಾಗುತ್ತದೆ. ಇದಕ್ಕೆ ಅಕ್ಕ ಒಂದೇ ಷರತ್ತು ಹಾಕಿದಳು: ಕಂತನ್ನು ಬೇಕಾದರೆ ಒಂದು ತಿಂಗಳು ತಪ್ಪಿಸಬಹುದು, ಇಪ್ಪತ್ತು ರಾತ್ರಿಗಳಲ್ಲಿ ಒಂದನ್ನೂ ಮುಂದಿನ ವರ್ಷಕ್ಕೆ ತಳ್ಳಕೂಡದು.

ಅನಿಶ್ಚಿತ ಕಾಲದಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನಾನು ಅರ್ಥಶಾಸ್ತ್ರಜ್ಞನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಗಿಂತ ಹೆಚ್ಚಿನದನ್ನು ಹೇಳಲಾರೆ. ಆದರೆ ಆ ಗಾದೆಯೂ ಕಾಲನ್ನು ಚಾಚಲೇಬೇಡವೆಂದು ಹೇಳುವುದಿಲ್ಲ. ನಿಶ್ಚಿತವಾದ ಕಾಲವೊಂದು ಬಂದೀತು, ಆಗ ಬದುಕೋಣವೆಂದು ಕಾಯುವುದೂ ಒಂದು ಬಗೆಯ ಸಾಲವೇ. ಅದರ ಬಡ್ಡಿಯನ್ನು ಯಾವ ಬ್ಯಾಂಕೂ ನಮಗೆ ತಿಳಿಸುವುದಿಲ್ಲ.

ಅಕ್ಟೋಬರಿನಲ್ಲಿ ಅಕ್ಕ ಒಂದು ಚಿತ್ರ ಕಳಿಸಿದ್ದಳು. ಕೆಂಪೇರಿದ ಮೇಪಲ್ ಮರಗಳ ಕೆಳಗೆ ಬಾಡಿಗೆಯ ಗಾಡಿ. ಅದರ ಮೆಟ್ಟಿಲ ಮೇಲೆ ಭಾವನವರು, ಕೈಯಲ್ಲಿ ಕಾಫಿಯ ಲೋಟ. ಹನ್ನೊಂದು ರಾತ್ರಿ ಮುಗಿದವೆಂದೂ, ಒಂಬತ್ತು ಉಳಿದಿವೆಯೆಂದೂ ಬರೆದಿದ್ದಳು. ಕೊಳಕು ನೀರಿನ ತೊಟ್ಟಿಯನ್ನು ಈಗ ಸರದಿಯ ಮೇಲೆ ಬರಿದು ಮಾಡುತ್ತಿದ್ದಾರಂತೆ. ನಾಲ್ಕು ಕಂತು ಕಟ್ಟಿಯಾಗಿತ್ತು. ನಾನು ಅಂದೇ ಹಾಸನಕ್ಕೆ ಹೋಗಿ, ಅಟ್ಟ ಹತ್ತಿ, ಟ್ರಂಕಿನ ಕಂಬಳಿಗಳನ್ನು ತೆಗೆದು ಬಿಸಿಲಿಗೆ ಹಾಕಿದೆ. ಅಮ್ಮನಿಗೆ ಎಪ್ಪತ್ತೇಳು. ‘ಟ್ರಂಕು ಯಾಕೋ ಈಗ?’ ಎಂದು ಕೇಳಿದಳು. ಕಾಶಿಯ ರೈಲಿನ ವೇಳಾಪಟ್ಟಿ ನನ್ನ ಜೇಬಿನಲ್ಲಿತ್ತು.