ಗುಮ್ಮ, ದೆವ್ವ, ಬಾಣಾಮತಿ: ಗಡಿನಾಡಿನ ತರಗತಿಯಲ್ಲಿ ಭಯದ ಕಥೆಗಳು

ಭೀಕರ ಜೀವಿಗಳಿಲ್ಲದ ಕಥನಪರಂಪರೆ ಇಲ್ಲ. ಅವುಗಳನ್ನು ಕಲ್ಪಿಸಿದ ಸಮಾಜ ಯಾವುದಕ್ಕೆ ಅಂಜುತ್ತಿತ್ತು, ಯಾರನ್ನು ತನ್ನವರೆಂದು ಎಣಿಸುತ್ತಿತ್ತು, ಯಾರನ್ನು ಹೊರಗಿಡುತ್ತಿತ್ತು ಎಂಬುದು ಆ ಕಥೆಗಳಿಂದ ತಿಳಿಯುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಶಿಕ್ಷಕರು ಈ ಸಾಮಗ್ರಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮಕ್ಕಳು ಅದನ್ನು ಎರಡು ಭಾಷೆಗಳಲ್ಲಿ ಮನೆಯಿಂದಲೇ ತರುತ್ತಾರೆ.

ಮೊದಲು ಪದಗಳು. ಸಂಸ್ಕೃತದ 'ರಾಕ್ಷಸ' ಕನ್ನಡದಲ್ಲಿ 'ರಕ್ಕಸ'ನಾದರೆ ತೆಲುಗಿನಲ್ಲಿ 'ರಕ್ಕಸುಡು' ಆಯಿತು. ಕನ್ನಡದ 'ದೆವ್ವ', ತೆಲುಗಿನ 'ದೆಯ್ಯಂ' ಎರಡೂ 'ದೈವ' ಎಂಬ ಒಂದೇ ಮೂಲದಿಂದ ಬಂದವು. ಭಕ್ತಿಗೂ ಭಯಕ್ಕೂ ಇರುವ ನಂಟಿಗೆ ಇದಕ್ಕಿಂತ ಸರಳವಾದ ನಿದರ್ಶನ ಸಿಗುವುದು ಕಷ್ಟ. 'ಭೂತ'ವೆಂದರೆ ಆಗಿಹೋದದ್ದು, ಭೂತಕಾಲವನ್ನು ಕಲಿಸುವಾಗ ಇದನ್ನು ಹೇಳಿದರೆ ಮಕ್ಕಳು ಮರೆಯಲಾರರು. ಹಟ ಹಿಡಿದ ಮಗುವಿಗೆ ಕನ್ನಡದ ತಾಯಿ ಗುಮ್ಮನನ್ನು ತೋರಿಸಿದರೆ ತೆಲುಗಿನ ತಾಯಿ 'ಬೂಚಿ'ಯನ್ನು ಕರೆಯುತ್ತಾಳೆ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಅಂಜುತ್ತಾನೆ. ಪೂತನಿಯನ್ನು ಕೊಂದವನಿಗೂ ತಾಯಿಯ ಮಾತಿನ ಭಯ!

ಕರ್ನಾಟಕದ ಊರುಗಳಲ್ಲಿ ಒಂದು ಕಾಲಕ್ಕೆ ಮನೆಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿ ಹಬ್ಬಿತ್ತು. ತೆಲುಗು ಸೀಮೆಯಲ್ಲಿ ಅದೇ ಬರಹ 'ಓ ಸ್ತ್ರೀ ರೇಪು ರಾ' ಎಂದಿತ್ತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಬರಹವನ್ನು ಓದಿ ಮರಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ಅಂದರೆ ದೆವ್ವಕ್ಕೂ ಅಕ್ಷರ ಬರುತ್ತದೆ, ಅದೂ ಆ ಮನೆಯವರ ಲಿಪಿಯಲ್ಲಿ! ಎರಡು ಬರಹಗಳಲ್ಲಿ ಒಂದು ವ್ಯತ್ಯಾಸವುಂಟು: ಕನ್ನಡದ ಬರಹ ಬಂದವರು ಯಾರೆಂದು ಹೇಳುವುದಿಲ್ಲ, ತೆಲುಗಿನದು ಹೆಣ್ಣೆಂದು ಹೆಸರಿಸುತ್ತದೆ. ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣು ಊರಿಗೇಕೆ ಭಯಂಕರಳಾಗಿ ಕಂಡಳು ಎಂಬ ಪ್ರಶ್ನೆಯನ್ನು ಮೇಲಿನ ತರಗತಿಯಲ್ಲಿ ಚರ್ಚೆಗಿಡಬಹುದು.

ಭೀಕರವಾದದ್ದೆಲ್ಲ ಶತ್ರುವಲ್ಲ. 1956ರವರೆಗೆ ಗದ್ವಾಲ, ಅಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಅಲಂಪುರದ ಜೋಗುಳಾಂಬೆಯ ತಲೆಗೂದಲಲ್ಲಿ ಹಲ್ಲಿ, ಚೇಳುಗಳಿವೆ. ಇವು ಪಾಳುಬಿದ್ದ ಮನೆಯ ಜೀವಿಗಳು. ಆದರೂ ಭಕ್ತರು ಆಕೆಯನ್ನು ಗೃಹಚಂಡಿಯೆಂದು, ಮನೆ ಕಾಯುವವಳೆಂದು ಪೂಜಿಸುತ್ತಾರೆ.

ಕಥೆಯ ರಕ್ಕಸ ಕಥೆಯಲ್ಲೇ ಸಾಯುತ್ತಾನೆ. ಬಾಣಾಮತಿಯ ವಿಷಯ ಹಾಗಲ್ಲ. ಕಲ್ಯಾಣ ಕರ್ನಾಟಕ ಹಾಗೂ ತೆಲಂಗಾಣದ ಹಳ್ಳಿಗಳಲ್ಲಿ ಕಾಯಿಲೆ, ಸಾವು, ಬೆಳೆಹಾನಿಗೆ ಕಾರಣ ತಿಳಿಯದಾದಾಗ ಬಾಣಾಮತಿ ಮಾಡಿದವರೆಂದು ನೆರೆಯವರನ್ನೇ ಶಂಕಿಸುವುದುಂಟು. ಶಂಕೆಗೊಳಗಾಗುವವರು ಹೆಚ್ಚಾಗಿ ಬಡವರು, ವಿಧವೆಯರು, ವೃದ್ಧರು. ಮಂತ್ರ ಉಚ್ಚರಿಸಲಾಗದಂತೆ ಅಂಥವರ ಹಲ್ಲು ಕಿತ್ತ ಪ್ರಕರಣಗಳೂ ನಡೆದಿವೆ. ಕರ್ನಾಟಕದ 2017ರ ಅಮಾನವೀಯ ದುಷ್ಟಪದ್ಧತಿಗಳ ತಡೆ ಕಾಯ್ದೆ ಬಾಣಾಮತಿಯ ಹೆಸರಿನ ಹಿಂಸೆಯನ್ನು ಅಪರಾಧಗಳ ಸಾಲಿಗೆ ಸೇರಿಸಿದೆ. ಇಲ್ಲಿ 'ರಾಕ್ಷಸ'ನ ವೇಷ ತೊಡಿಸಿದ್ದು ಹಾಡುಹಗಲಲ್ಲಿ ಓಡಾಡುವ ಮನುಷ್ಯರಿಗೆ.

ಮಕ್ಕಳಿಗೆ ಅಜ್ಜಿಯರಿಂದ ಒಂದೇ ದೆವ್ವದ ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿ ಬರೆದುಕೊಂಡು ಬರಲು ಹೇಳಬಹುದು. ಯಾವ ಮಾತು ಭಾಷೆಯೊಂದಿಗೆ ಬದಲಾಯಿತೆಂದು ಅವರೇ ಗುರುತಿಸಲಿ. ಯಾವುದಾದರೂ ಮಗು ಓಣಿಯ ಒಬ್ಬರ ಹೆಸರು ಹಿಡಿದು ಬಾಣಾಮತಿಯ ಮಾತೆತ್ತಿದರೆ, ಆ ಹೆಸರು ಕಪ್ಪುಹಲಗೆಗಾಗಲಿ ನೋಟ್‌ಬುಕ್ಕಿಗಾಗಲಿ ಬರಕೂಡದು. ಆ ಮನೆಯಲ್ಲಿ ಯಾರಿಗೆ ಏನು ಕಾಯಿಲೆಯಾಗಿತ್ತು, ವೈದ್ಯರ ಬಳಿಗೆ ಕರೆದೊಯ್ದರೇ ಎಂಬುದನ್ನು ಶಿಕ್ಷಕರು ಮಗುವಿನಿಂದ ಪ್ರತ್ಯೇಕವಾಗಿ ಕೇಳಿ ತಿಳಿಯುವುದು ಒಳ್ಳೆಯದು.