ಏರಿಯ ಮೇಲಿನ ದಾರಿ

ಪಶ್ಚಿಮದ ದೇಶಗಳಲ್ಲಿ ಈಚೆಗೆ ಹೊಸದೊಂದು ಹವ್ಯಾಸ ಹುಟ್ಟಿಕೊಂಡಿದೆ. ಡಾಂಬರು ಹಾಕಿದ ನುಣುಪಾದ ರಸ್ತೆಯನ್ನು ಬೇಕೆಂದೇ ಬಿಟ್ಟು, ಗರಸು ಹರಡಿದ ಒರಟು ದಾರಿಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಸೈಕಲ್ ತುಳಿಯುವುದು. ಅಮೆರಿಕೆಯ ಕ್ಯಾನ್ಸಸ್ ಪ್ರಾಂತದ ಎಂಪೋರಿಯ ಎಂಬ ಊರಿನಲ್ಲಿ 2006ರಲ್ಲಿ ಆರಂಭವಾದ ಇಂಥ ಪಂದ್ಯವೊಂದರಲ್ಲಿ ಸವಾರರು 200 ಮೈಲಿಗಳನ್ನು ಬಹುಮಟ್ಟಿಗೆ ಗರಸಿನ ಮೇಲೆಯೇ ಕ್ರಮಿಸುತ್ತಾರೆ. 2022ರಲ್ಲಿ ಇಟಲಿಯಲ್ಲಿ ಇದಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ಪೂ ಏರ್ಪಟ್ಟಿತು. ಅದಕ್ಕೆಂದೇ ಅಗಲವಾದ ಟೈರುಗಳ ಬೇರೆ ಸೈಕಲ್ಲುಗಳುಂಟು. ಅವುಗಳ ಬೆಲೆ ಕೇಳಿದರೆ ನಮ್ಮ ಕಡೆಯ ರೈತನಿಗೆ ಒಂದು ಜೊತೆ ಒಳ್ಳೆಯ ಎತ್ತುಗಳು ನೆನಪಾದಾವು. ಕಾಡಿನ ನಡುವೆ ಒಂದು ಸರೋವರ, ಅದನ್ನು ಬಳಸಿ ಮೋಟಾರು ಸುಳಿಯದ ಗರಸಿನ ದಾರಿ: ಆ ಜನಕ್ಕೆ ಇದು ಸುಖದ ಪರಮಾವಧಿ.

ಇದನ್ನು ಓದಿದಾಗ ನನಗೆ ನಗು ಬಂದಿತು; ಆಮೇಲೆ ಯೋಚನೆಯೂ ಬಂದಿತು. ಅವರು ಅಷ್ಟು ಹಣ ಸುರಿದು ಹುಡುಕುತ್ತಿರುವುದು ಹಂದನಕೆರೆಯ ಸೀಮೆಯಲ್ಲಿ, ಯಾರೂ ಗಮನಿಸದೆ, ಕಾಲಾಂತರದಿಂದ ಬಿದ್ದುಕೊಂಡಿದೆಯಲ್ಲವೆ?

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಮೂರರ ಹೆಸರು ಕೆರೆಯಿಂದಲೇ ಮುಗಿಯುತ್ತದೆ: ಹಂದನಕೆರೆ, ಶೆಟ್ಟಿಕೆರೆ, ಕಂದಿಕೆರೆ. ಪಕ್ಕದ ತಾಲ್ಲೂಕು ತುರುವೇಕೆರೆ. ಹೊರಗಿನವರಿಗೆ ಈ ನಾಡು ತೆಂಗಿನ ನಾಡು; ಸಿಪ್ಪೆ ಸುಲಿಯದ ಕಾಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವ ಜನರ ನಾಡು. ಆದರೆ ತೆಂಗಿನ ಬೇರು ಹಿಡಿದು ಹೊರಟರೆ ಕೊನೆಗೆ ತಲಪುವುದು ಕೆರೆಯ ಏರಿಗೇ. ಏರಿಯ ಕೆಳಗೆ ಅಚ್ಚುಕಟ್ಟು ಮತ್ತು ತೋಟ. ಏರಿಯ ಮೇಲೆ ನೀರು. ನೀರಿನ ಆಚೆಗೆ ಕಗ್ಗಲಿ, ಜಾಲಿ, ತಂಗಡಿ, ಬಂದರೆಗಳ ಕುರುಚಲು ಕಾಡು ಏರುತ್ತ ಹೋಗಿ ಗುಡ್ಡಸಾಲನ್ನು ಮುಟ್ಟುತ್ತದೆ. ಈ ಮೂರನ್ನೂ ಒಂದೇ ನೋಟದಲ್ಲಿ ಕಾಣಬಹುದಾದ ಜಾಗವೆಂದರೆ ಏರಿಯ ಮೇಲಿನ ದಾರಿ.

ಈ ದಾರಿಯನ್ನು ಯಾರೂ ವಿಹಾರಕ್ಕೆಂದು ಮಾಡಿದವರಲ್ಲ. ಏರಿಯೆಂದರೆ ಮಣ್ಣಿನ ಒಡ್ಡು. ನೀರಿನ ಕಡೆಯ ಇಳಿಜಾರಿಗೆ ಅಲೆ ಬಡಿದು ಮಣ್ಣು ಕೊಚ್ಚಿಹೋಗದಂತೆ ಕಲ್ಲು ಹಾಸಿರುತ್ತಾರೆ. ನೆತ್ತಿಯ ಮೇಲೆ ಗರಸು ಹರಡಿ, ನಡು ಎತ್ತರ, ಅಂಚು ತಗ್ಗು ಬರುವಂತೆ ಆಮೆಯ ಬೆನ್ನಿನ ಹಾಗೆ ಬಡಿದಿರುತ್ತಾರೆ. ಮಳೆಯ ನೀರು ನಿಂತು ಒಳಕ್ಕೆ ಇಳಿಯಬಾರದು, ಒಂದೇ ಕಡೆ ಹರಿದು ಕೊರಕಲು ಬೀಳಲೂ ಬಾರದು. ತೂಬು ಎತ್ತುವವನು, ಇಲಿ ಏಡಿಗಳ ಬಿಲ ನೋಡುವವನು, ಜಿನುಗು ಕಂಡಲ್ಲಿ ಮಣ್ಣು ಹೊರುವವನು ನಡೆಯಲೆಂದು ಆದದ್ದು ಈ ದಾರಿ. ನಮ್ಮ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಕೆರೆ ಕಟ್ಟುವ, ಕಾಯುವ ಕೆಲಸಕ್ಕೆ ಬಿಟ್ಟ ದತ್ತಿಗಳ ಹೆಸರು. ಎಷ್ಟೋ ಕಡೆ ಕೆರೆಗೆ ಮಣ್ಣು ಹೊಡೆಯುವ ಬಂಡಿಗೆಂದೇ ಭೂಮಿ ಕೊಟ್ಟಿದ್ದಾರೆ. ತರಗತಿಯಲ್ಲಿ ಈ ಪದಗಳಿಗೆ ಅರ್ಥ ಹೇಳುವುದು ಸುಲಭ. ಏರಿಯ ಮೇಲೆ ಸೈಕಲ್ ತುಳಿದವನಿಗೆ ಆ ಅರ್ಥ ಅಂಗಾಲಿಗೂ ತಿಳಿಯುತ್ತದೆ.

ಗರಸಿನ ಮೇಲೆ ಸವಾರಿ ಮಾಡುವುದಕ್ಕೂ ಒಂದು ಕ್ರಮವುಂಟು. ಚಕ್ರದ ಗಾಳಿಯನ್ನು ತುಸು ಕಡಿಮೆ ಇರಿಸಬೇಕು. ಹ್ಯಾಂಡಲ್ಲನ್ನು ಬಿಗಿಯಾಗಿ ಅದುಮದೆ ಸಡಿಲವಾಗಿ ಹಿಡಿಯಬೇಕು. ಮುಂದಿನ ಬ್ರೇಕನ್ನು ಮರೆತುಬಿಡುವುದೇ ಮೇಲು. ನಿಧಾನವಾಗಿ ಹೊರಟರೆ ಚಕ್ರದ ಕೆಳಗೆ ಸಣ್ಣ ಕಲ್ಲು ಕರಕರನೆ ಮಾತಾಡುತ್ತದೆ. ಆ ಸದ್ದು ಬಿಟ್ಟರೆ ನೀರಿನಲ್ಲಿ ಮುಳುಗೇಳುವ ಗುಳುಮುಳುಕದ್ದು, ಕಾಡಿನಂಚಿನಲ್ಲಿ ಗೌಜಲಿನದು, ದೂರದ ತೋಟದಲ್ಲಿ ಕಾಯಿ ಕೆಡಹುವವರದು. ಎದುರಿಗೆ ಬಂದವರು ಯಾರಾದರೂ ನಿಂತು ಮಾತನಾಡಿಸದೆ ಹೋಗುವುದಿಲ್ಲ. ಡಾಂಬರು ರಸ್ತೆಯ ಮೇಲೆ ಸೈಕಲ್ಲಿನವನು ಅಂಚಿಗೆ ಸರಿದು ಬದುಕಬೇಕಾದ ಪರದೇಶಿ. ಇಲ್ಲಿ ಅವನು ನಡುವಿನಲ್ಲೇ ಹೋಗಬಹುದು.

ಪೂರ್ತಿ ಸುತ್ತು ಬರುತ್ತೇನೆಂದರೆ ಮಾತ್ರ ಕೆರೆ ಸುಮ್ಮನೆ ಬಿಡುವುದಿಲ್ಲ. ಏರಿ ಮುಗಿದಲ್ಲಿ ಕೋಡಿ. ತುಂಬಿದ ವರ್ಷ ಕೋಡಿ ಹರಿಯುವಾಗ ದಾರಿಯೇ ಇಲ್ಲ. ನೀರು ಇಳಿದ ಮೇಲೆ ಸೈಕಲ್ಲನ್ನು ಹೆಗಲಿಗೇರಿಸಿ ಪಾಚಿಗಲ್ಲಿನ ಮೇಲೆ ಕಾಲೂರುತ್ತ ದಾಟಬೇಕು. ಆಚೆಗೆ ದನ ಕುರಿಗಳು ಮಾಡಿದ ಕಾಲುದಾರಿ, ಹಳೆಯ ಗಾಡಿಜಾಡು, ಆಮೇಲೆ ಕೆರೆಗೆ ನೀರು ತರುವ ಹಳ್ಳದ ಮರಳು. ಅಲ್ಲಿ ಇಳಿದು ತಳ್ಳದೆ ಗತಿಯಿಲ್ಲ. ಎರಡು ಮೈಲಿಯ ಸುತ್ತಿಗೆ ಒಂದು ಬೆಳಗಿನ ಹೊತ್ತು ಹಿಡಿದರೆ ಅದು ಹೆಚ್ಚಲ್ಲ.

ಇನ್ನೂ ದಟ್ಟವಾದ ಕಾಡು, ಇನ್ನೂ ದೊಡ್ಡ ನೀರು ಬೇಕೆನ್ನುವವರು ಹುಳಿಯಾರಿನ ಕಡೆ ಬೋರನಕಣಿವೆಯ ಹೆಸರು ಹೇಳುತ್ತಾರೆ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1892ರಲ್ಲಿ, ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ಜಲಾಶಯವದು. ಎರಡು ಗುಡ್ಡಗಳ ನಡುವೆ ನೀರು ನಿಂತ ವರ್ಷ ಅದರ ಚೆಲುವು ದೊಡ್ಡದು. ಆದರೆ ಇದೇ ತಾಲ್ಲೂಕಿನ ಮತ್ತು ಶಿರಾ ತಾಲ್ಲೂಕಿನ ಕಾಡಿನ ಸುಮಾರು 136 ಚದರ ಕಿಲೋಮೀಟರ್ ಭಾಗ 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವಾಯಿತೆಂಬುದನ್ನು ಸವಾರರು ನೆನಪಿಡಬೇಕು. ಚಿಂಕಾರವೆಂಬುದು ಬಹಳ ಅಂಜುಬುರುಕಾದ ಸಣ್ಣ ಹುಲ್ಲೆ. ವನ್ಯಧಾಮದೊಳಕ್ಕೆ ಅನುಮತಿಯಿಲ್ಲದೆ ಹೋಗುವುದನ್ನು 1972ರ ಕಾಯಿದೆ ತಡೆಯುತ್ತದೆ. ತಡೆಯುವುದು ಸರಿ ಕೂಡ. ಮೋಟಾರಿನ ಕಾಟವಿಲ್ಲದ ದಾರಿ ನಮಗೆ ಎಷ್ಟು ಬೇಕೊ, ಸೈಕಲ್ಲಿನವರ ಕಾಟವಿಲ್ಲದ ಕಾಡು ಆ ಪ್ರಾಣಿಗೂ ಅಷ್ಟೇ ಬೇಕು. ಆದ್ದರಿಂದ ನನ್ನ ಓಟು ಊರಿನ ಕೆರೆಗೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿ, ಬಿಡುವುಳ್ಳ ಅಧ್ಯಾಪಕನೊಬ್ಬನ ಭಾನುವಾರದ ಷೋಕಿ ಎಂದು ವಾಚಕರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಏರಿಯ ದಾರಿಯ ನಿಜವಾದ ಒಡೆಯರು ಬೇರೆ. ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿ ಡೇರಿಗೆ ಹೋಗುವ ಮುದುಕರು. ಹುಲ್ಲಿನ ಹೊರೆಯ ಹೆಂಗಸರು. ಎಲ್ಲಕ್ಕಿಂತ ಮಿಗಿಲಾಗಿ, ಶಾಲೆಗೆ ಹೋಗುವ ಹುಡುಗಿಯರು. ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿ, ಕೋವಿಡ್ ಬಂದ 2020-21ರಲ್ಲಿ ನಿಂತಿತು. ಆ ನಡುವಣ ವರ್ಷಗಳಲ್ಲಿ ಹಳ್ಳಿಯ ಹುಡುಗಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದರಲ್ಲಿ ಆ ಸೈಕಲ್ಲಿನ ಪಾಲು ಸಣ್ಣದಲ್ಲ. ಅದಕ್ಕೂ ಹಿಂದೆ, 1990ರ ದಶಕದ ಆರಂಭದಲ್ಲಿ, ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನದ ಜೊತೆಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅಕ್ಷರವನ್ನೂ ಚಕ್ರವನ್ನೂ ಒಂದೇ ಪಾಠದಲ್ಲಿ ಸೇರಿಸಿದ್ದು ಆ ಆಂದೋಲನದ ಜಾಣತನ.

ನನ್ನ ವಿದ್ಯಾರ್ಥಿನಿಯೊಬ್ಬಳು ಬಿ.ಎ. ತರಗತಿಗೆ ಬರುವಾಗ ಬಸ್ಸು ಹಿಡಿಯಲು ಮೂರು ಮೈಲಿ ಸೈಕಲ್ಲಿನಲ್ಲಿ ಬರುತ್ತಿದ್ದಳು. ರಸ್ತೆಯ ದಾರಿ ಹತ್ತಿರ, ಏರಿಯ ದಾರಿ ಸುತ್ತು. ಅವಳು ಸುತ್ತನ್ನೇ ಹಿಡಿಯುತ್ತಿದ್ದಳು. ಏಕಮ್ಮ ಎಂದು ಕೇಳಿದೆ. “ಅಲ್ಲಿ ಹಿಂದಿನಿಂದ ಯಾರೂ ಹಾರನ್ ಹೊಡೆಯೋದಿಲ್ಲ ಸಾರ್” ಎಂದಳು. ಈ ಒಂದು ವಾಕ್ಯದ ಹಿಂದೆ ಎಷ್ಟಿತ್ತೆಂಬುದನ್ನು ನಾನು ಬಿಡಿಸಿ ಕೇಳಲಿಲ್ಲ. ಹಾಲೆಂಡಿನಲ್ಲಿ ಇಂದು ಕಾಣುವ ಸೈಕಲ್ ದಾರಿಗಳ ಹಿಂದೆಯೂ ಇಂಥದೇ ಅಂಜಿಕೆಯಿದೆ. 1970ರ ದಶಕದ ಮೊದಲಿನಲ್ಲಿ ಮೋಟಾರಿಗೆ ಸಿಕ್ಕಿ ನೂರಾರು ಮಕ್ಕಳು ಸತ್ತಾಗ, ತಾಯಿತಂದೆಗಳು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಹಟ ಹಿಡಿದರು. ಅವರು ಹೋರಾಡಿ ಪಡೆದದ್ದು ನಮಗೆ ಕೆರೆಯ ಜೊತೆಯಲ್ಲೇ ಬಂದಿದೆ.

ಈಗ ಊರೂರಿನಲ್ಲಿ ಏರಿಯ ಮೇಲೆ ಡಾಂಬರು ಬೇಕೆಂಬ ಕೂಗೆದ್ದಿದೆ. ಕೂಗುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ತೋಟದಿಂದ ಕಾಯಿ ಸಾಗಿಸಬೇಕು. ಮಳೆಗಾಲದಲ್ಲಿ ಗರಸು ಕಿತ್ತು ಕೆಸರಾದಾಗ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಹೂತುಕೊಳ್ಳಬಾರದು. ಆದರೆ ಡಾಂಬರು ಬಿದ್ದ ಮರುವರ್ಷವೇ ಹತ್ತಿರದ ದಾರಿಯೆಂದು ಕಲ್ಲು ಮರಳಿನ ಟಿಪ್ಪರುಗಳು ನುಗ್ಗುತ್ತವೆ. ಬಂಡಿಯ ಭಾರಕ್ಕೆ ಕಟ್ಟಿದ ಮಣ್ಣಿನ ಒಡ್ಡು ಆ ತೂಕಕ್ಕೆ ಅದುರಿ ಬಿರುಕು ಬಿಡುತ್ತದೆ. ಡಾಂಬರಿನ ಅಂಚಿನಿಂದ ಧಾರೆಯಾಗಿ ಸುರಿದ ನೀರು ಹಿಂಬದಿಯ ಇಳಿಜಾರನ್ನು ಕೊರೆಯುತ್ತದೆ. ಕೆರೆ ಹೋದರೆ ಸಾಗಿಸುವುದಕ್ಕೆ ಕಾಯಿಯಾದರೂ ಎಲ್ಲಿಂದ ಬಂದೀತು?

ಏರಿಯ ಎರಡು ತುದಿಗೂ ಎರಡೆರಡು ಕಲ್ಲುಕಂಬ ನೆಟ್ಟು, ಸೈಕಲ್ಲು, ದನ, ಮನುಷ್ಯರು ಮಾತ್ರ ನುಸುಳುವಷ್ಟು ಸಂದು ಬಿಡಬಾರದೇಕೆ ಎಂದು ನಾನೊಮ್ಮೆ ಅಲ್ಲಿಯ ಹಿರಿಯರೊಬ್ಬರನ್ನು ಕೇಳಿದೆ. ಅವರು ಬೀಡಿ ಆರಿಸಿ, “ನಮ್ಮ ಎತ್ತಿನ ಗಾಡಿ ಹೋಗಬೇಡವಾ ಮೇಷ್ಟ್ರೆ?” ಎಂದರು. ಸಂದು ಅಗಲ ಮಾಡಿ ನಡುವೆ ಒಂದು ಸರಪಳಿ ಹಾಕಿದರಾಯಿತು, ಬೇಕಾದಾಗ ತೆಗೆಯುವುದು ಎಂದೆ. ಬೀಗದ ಕೈ ಯಾರ ಹತ್ತಿರವೆಂಬ ಪ್ರಶ್ನೆ ಎದ್ದಿತು. ಪಂಚಾಯಿತಿಯ ಹತ್ತಿರವೆಂದರೆ ಅವರು ಒಪ್ಪಲಿಲ್ಲ. ಹಿಂದೆ ಆಗಿದ್ದರೆ ನೀರಗಂಟಿಯ ಕೈಯಲ್ಲಿರುತ್ತಿತ್ತು ಎಂದರು. ಆ ಮನೆಯ ಹುಡುಗ ಬೆಂಗಳೂರು ಸೇರಿ ಆರು ವರ್ಷವಾಯಿತಂತೆ. ಮುಂದಿನ ಭಾನುವಾರ ಮತ್ತೆ ಮಾತಾಡೋಣವೆಂದು ಹೇಳಿ, ಹಾಲಿನ ಹೊತ್ತಾಯಿತೆಂದು ಅವರು ಸೈಕಲ್ ಹತ್ತಿದರು.