ಗಾಜಿನ ಕೊಳವೆ ಮತ್ತು ಹಳೆಯ ಆಟದ ಚಿತ್ರ

ಭದ್ರಾವತಿಯ ನ್ಯೂಟೌನ್, ಪೇಪರ್ ಟೌನುಗಳ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿಯೂ ಶಿವಮೊಗ್ಗದ ದುರ್ಗಿಗುಡಿಯ ಮನೆಗಳಲ್ಲಿಯೂ ಕಳೆದ ಶತಮಾನದ ಅಂತ್ಯದಲ್ಲಿ ಬಾಲ್ಯವನ್ನು ಕಳೆದವರು, ಅಟ್ಟದ ಮೇಲಿನ ಟಿವಿ ಗೇಮನ್ನು ಇಳಿಸಿ, ಧೂಳೊರಸಿ, ಹಳದಿ ತಲೆಯ ವೈರನ್ನು ಇಂದಿನ ಚಪ್ಪಟೆ ಟಿವಿಯ ಹಿಂಬದಿಗೆ ಸಿಕ್ಕಿಸಿದಾಗ, ಅಂದು ಅಷ್ಟು ಚೆಲುವನಾಗಿ ಕಂಡಿದ್ದ ಮಾರಿಯೋ ಅಡ್ಡಡ್ಡ ಹಿಗ್ಗಿ, ಅಂಚು ಕದಡಿ, ಒರಟು ಚೌಕಗಳ ರಾಶಿಯಾಗಿ ಎದುರು ನಿಲ್ಲುವುದನ್ನು ಕಂಡು, ಯಂತ್ರವೇ ಕೆಟ್ಟಿತೆಂದು ನಿರ್ಣಯಿಸುವುದುಂಟು. ಯಂತ್ರ ಕೆಟ್ಟಿಲ್ಲ, ಆ ಚಿತ್ರದ ಅರ್ಧವನ್ನು ತಾನೇ ರಚಿಸುತ್ತಿದ್ದ, ಹಳೆಯ ಟಿವಿಯ ಗಾಜಿನ ಕೊಳವೆಯು ಮನೆಯಿಂದ ಹೊರಟುಹೋಗಿದೆ.

ನಮ್ಮ ಪೇಟೆಗಳಲ್ಲಿ ಮಾರಾಟವಾದ ಟಿವಿ ಗೇಮುಗಳಲ್ಲಿ ಬಹುಪಾಲು, ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅನುಕರಣಗಳು. ಅದರ ಚಿತ್ರವೆಂದರೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳು, ಅಷ್ಟೇ. ಕೊಳವೆಯೊಳಗೆ ಎಲೆಕ್ಟ್ರಾನ್ ಕಿರಣವು ಹೊಳೆಯುವ ಫಾಸ್ಫರ್ ಲೇಪನದ ಮೇಲೆ ಗೆರೆಗೆರೆಯಾಗಿ ಹರಿಯುವಾಗ ಪ್ರತಿಯೊಂದು ಗೆರೆಯ ಬೆಳಕೂ ಅಂಚಿನಲ್ಲಿ ಮೃದುವಾಗಿ ಹರಡುತ್ತಿತ್ತು. ಒಂದೇ ತಂತಿಯಲ್ಲಿ ಬೆರೆತು ಬಂದ ವರ್ಣಗಳು ನೆರೆಯ ಚುಕ್ಕೆಗಳೊಡನೆ ಕಲೆಯುತ್ತಿದ್ದುವು. ಚಿತ್ರಕಾರರು ಈ ಗುಣವನ್ನು ಬಲ್ಲವರಾಗಿದ್ದರು. ಸೆಗಾ ಸಂಸ್ಥೆಯ 1991ರ ಸೋನಿಕ್ ಆಟದಲ್ಲಿ ಜಲಪಾತವನ್ನು ಒಂದು ಬಿಟ್ಟು ಒಂದರಂತೆ ಲಂಬ ಪಟ್ಟಿಗಳಿಂದ ಬರೆಯಲಾಗಿದ್ದು, ಕೊಳವೆಯ ಮೇಲೆ ಅದು ಪಾರದರ್ಶಕವಾದ ನೀರೇ ಆಗುತ್ತಿತ್ತು. ಶುದ್ಧ ಸಂಕೇತವನ್ನು ತೋರುವ ಇಂದಿನ ಪರದೆಯ ಮೇಲೆ ಬರಿಯ ಪಟ್ಟಿಗಳೇ ಉಳಿಯುತ್ತವೆ.

ಹೊಸ ಪರದೆಯಲ್ಲಿ ಚುಕ್ಕೆಗಳ ಸಂಖ್ಯೆ ನಿಯತವಾದುದು. 240 ಗೆರೆಗಳನ್ನು 1080 ಗೆರೆಗಳ ಪರದೆಗೆ ಹಂಚಿದರೆ ಒಂದೊಂದಕ್ಕೆ ನಾಲ್ಕೂವರೆ ಬರುವುದರಿಂದ, ಅರ್ಧ ಚುಕ್ಕೆ ಎಂಬುದಿಲ್ಲದ ಕಾರಣ, ಟಿವಿಯು ಗೆರೆಗಳನ್ನು ಕಲಸಿಬಿಡುತ್ತದೆ ಇಲ್ಲವೆ ದಪ್ಪ ಸಣ್ಣ ಮಾಡುತ್ತದೆ. 2160 ಗೆರೆಗಳ 4ಕೆ ಪರದೆಯಲ್ಲಿ ಲೆಕ್ಕವು ಸರಿಯಾಗಿ 9ಕ್ಕೆ ಹೊಂದುತ್ತದೆಯಾದರೂ, ಅಡ್ಡ-ಉದ್ದಗಳ ಅನುಪಾತ 4:3 ಇರುವ ಚಿತ್ರವನ್ನು 16:9ಕ್ಕೆ ಎಳೆಯುವ ಚಾಳಿ ಅಲ್ಲಿಯೂ ಇದೆ.

ಇವೆಲ್ಲಕ್ಕಿಂತ ನನಗೆ ಆಶ್ಚರ್ಯಕರವಾಗಿ ತೋರುವುದು ಬಾತುಕೋಳಿಗಳನ್ನು ಹೊಡೆಯುವ ಡಕ್ ಹಂಟ್ ಆಟದ ಬಂದೂಕು. ಅದು ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಟ್ರಿಗರ್ ಒತ್ತಿದೊಡನೆ ಪರದೆಯು ಕ್ಷಣಕಾಲ ಪೂರ್ಣ ಕಪ್ಪಾಗಿ, ಮರುಕ್ಷಣ ಬಾತು ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದು ಮೂಡುತ್ತದೆ. ನಳಿಗೆಯೊಳಗಿನ ಬೆಳಕಿನ ಗ್ರಾಹಕಕ್ಕೆ ಮೊದಲು ಕತ್ತಲೆಯೂ ಅನಂತರ ಬೆಳಕೂ ಕಂಡರೆ ಬಾತು ಬಿದ್ದಿತೆಂದೇ ಲೆಕ್ಕ. ಬಲ್ಬಿನ ಬೆಳಕಿಗೆ ಮೋಸಹೋಗದಿರಲೆಂದು, ಸೆಕೆಂಡಿಗೆ 15,000ಕ್ಕೂ ಹೆಚ್ಚು ಗೆರೆಗಳನ್ನೆಳೆಯುವ ಕೊಳವೆಯ ಮಿನುಗನ್ನಷ್ಟೇ ಗುರುತಿಸುವಂತೆ ಅದನ್ನು ರಚಿಸಿದ್ದಾರೆ. ಹೊಸ ಟಿವಿಯಲ್ಲಿ ಆ ಮಿನುಗೇ ಇಲ್ಲ. ಮೇಲಾಗಿ ಅದು ಪ್ರತಿಯೊಂದು ಚಿತ್ರವನ್ನೂ ತಡೆದು ಸಂಸ್ಕರಿಸಿದ ಬಳಿಕವೇ ತೋರುವುದರಿಂದ, ಬಿಳಿಯ ಚೌಕವು ಮೂಡುವ ವೇಳೆಗೆ ಬಂದೂಕಿನ ಗಡುವು ಮೀರಿರುತ್ತದೆ.

ಟಿವಿಯನ್ನು 4:3ಕ್ಕೂ ಗೇಮ್ ಮೋಡಿಗೂ ಇಟ್ಟರೆ ಹಿಗ್ಗುವಿಕೆಯೂ ವಿಳಂಬವೂ ಬಹಳಷ್ಟು ತಗ್ಗುತ್ತವೆ. ಗೆರೆಗಳನ್ನು ಗುಣಿಸಿ ಕೊಡುವ ಪುಟ್ಟ ಪೆಟ್ಟಿಗೆಗಳೂ ದೊರೆಯುತ್ತವೆ. ಬಂದೂಕಿಗೆ ಮಾತ್ರ ಕೊಳವೆಯೇ ಬೇಕು. ಆದಕಾರಣ, ಮೂಲೆಯಲ್ಲಿ ಕುಳಿತಿರುವ ಬಿಪಿಎಲ್ ಅಥವಾ ಒನಿಡಾ ಟಿವಿಯನ್ನು ಗುಜರಿಗೆ ಹಾಕಬೇಡಿರೆಂದು ನಾನು ಮನಃಪೂರ್ವಕವಾಗಿ ಬೇಡುತ್ತೇನೆ. ಕೆಟ್ಟಿದ್ದರೆ ಹಳೆಯ ರಿಪೇರಿಯವರಿಗೇ ಒಪ್ಪಿಸತಕ್ಕದ್ದು. ಪ್ಲಗ್ ಕಿತ್ತ ಮೇಲೂ ಕೊಳವೆಯಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಉಳಿದಿರಬಹುದಾದುದರಿಂದ ಅದರ ಹಿಂಬದಿಯನ್ನು ನಾವಾಗಿ ಬಿಚ್ಚಕೂಡದು.